ಒಂದು ದಿನದ ಬಂಡವಾಳ, ಮೂರು ತಲೆಮಾರಿನ ಪರಿಮಳ

ಮೈಸೂರು ಎಂದೊಡನೆ ಅರಮನೆ, ಮಲ್ಲಿಗೆ, ರೇಷ್ಮೆ, ಶ್ರೀಗಂಧಗಳ ಸಾಲಿನಲ್ಲಿ ನೆನಪಿಗೆ ಬರುವ ಇನ್ನೊಂದು ವಸ್ತು ಊದುಬತ್ತಿ. ಮೊದಲಿನವುಗಳಿಗೆಲ್ಲ ರಾಜಾಶ್ರಯದ ಹಿನ್ನೆಲೆಯಿತ್ತು. ಊದುಬತ್ತಿಯಾದರೋ ಬಹುಪಾಲು ಮನೆಯ ಪಡಸಾಲೆಗಳಲ್ಲಿ, ಮರದ ಮಣೆಯ ಮೇಲೆ, ಅಂಗೈಯ ಒತ್ತಡದಲ್ಲಿ ಬೆಳೆದ ಕಸುಬು. ಆ ಪಡಸಾಲೆಯ ಕಸುಬಿಗೆ ಒಂದು ಹೆಸರು, ಒಂದು ಗುರುತು, ದೇಶವ್ಯಾಪಿ ಮಾರುಕಟ್ಟೆ ದೊರಕಿಸಿಕೊಟ್ಟವರಲ್ಲಿ ಎನ್. ರಂಗರಾವ್ ಪ್ರಮುಖರು. ಸೈಕಲ್ ಬ್ರಾಂಡ್ ಅಗರಬತ್ತಿಯ ಸ್ಥಾಪಕರಾದ ಅವರು ವ್ಯಾಪಾರಕ್ಕೆ ಇಳಿದಾಗ ಅವರ ಕೈಯಲ್ಲಿ ಹೇಳಿಕೊಳ್ಳುವಂತಹ ಬಂಡವಾಳವೇನೂ ಇರಲಿಲ್ಲ.

ಬಾಲ್ಯದ ಪಾಠ

ರಂಗರಾವ್ ಜನಿಸಿದ್ದು 1912ರಲ್ಲಿ. ತಂದೆ ಶಾಲಾ ಶಿಕ್ಷಕರು. ಮಗನಿಗೆ ಲೋಕಜ್ಞಾನ ಬರುವ ಮುನ್ನವೇ ಅವರು ತೀರಿಕೊಂಡರು. ಮೇಷ್ಟರ ಸಂಬಳವನ್ನೇ ನಂಬಿದ್ದ ಸಂಸಾರಕ್ಕೆ ಬೇರೆ ಆಧಾರವಿರಲಿಲ್ಲ. ಓದುವ ಹಂಬಲವಿದ್ದ ಹುಡುಗ ತಿನಿಸುಗಳನ್ನು ಒಟ್ಟಿಗೆ ಕೊಂಡು, ಬಿಡಿಬಿಡಿಯಾಗಿ ಮಾರಿ, ಉಳಿದ ಕಾಸಿನಿಂದ ಶಾಲೆಯ ಖರ್ಚನ್ನು ನೀಗಿಸಿಕೊಂಡ. ಸಗಟಾಗಿ ಕೊಂಡು ಚಿಲ್ಲರೆಯಾಗಿ ಮಾರುವುದು, ಅಸಲನ್ನು ಮುಟ್ಟದೆ ಲಾಭದಲ್ಲಿ ಮಾತ್ರ ಬದುಕುವುದು, ವ್ಯಾಪಾರದ ಈ ಮೊದಲ ಪಾಠಗಳು ಅವರಿಗೆ ಸಿಕ್ಕಿದ್ದು ಹೀಗೆ.

ಮುಂದೆ ಮದುವೆಯಾಯಿತು, ಸಂಸಾರ ಬೆಳೆಯಿತು. ಹೊಟ್ಟೆಪಾಡಿಗಾಗಿ ಊರೂರು ಸುತ್ತಿ ನೌಕರಿ ಮಾಡಿದರು. ಕೊಡಗಿನಲ್ಲೂ ಕೆಲಕಾಲ ದುಡಿದರು. ತಿಂಗಳಿಗೆ ತಪ್ಪದೆ ಬರುವ ಸಂಬಳ ಅಂದಿನ ಕಾಲಕ್ಕೆ ಸಣ್ಣ ಭಾಗ್ಯವಲ್ಲ. ಆದರೂ ಮೂವತ್ತರ ನಡುಹರೆಯ ದಾಟುವ ಹೊತ್ತಿಗೆ, ಇಡೀ ಸಂಸಾರ ತಮ್ಮನ್ನೇ ಅವಲಂಬಿಸಿರುವಾಗ, ಅವರು ಆ ಭದ್ರತೆಯನ್ನು ಬಿಟ್ಟು ಮೈಸೂರಿಗೆ ಬಂದರು. ಸೋತರೆ ಹಿಂದೆ ಆಸರೆಯಾಗಿ ನಿಲ್ಲಲು ಆಸ್ತಿಯೂ ಇರಲಿಲ್ಲ, ತಂದೆಯೂ ಇರಲಿಲ್ಲ.

ಮೈಸೂರೇ ಏಕೆ?

ಸುಗಂಧದ ಕಸುಬಿಗೆ ಮೈಸೂರು ಹೇಳಿ ಮಾಡಿಸಿದ ಊರಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, 1917ರಲ್ಲಿ ಇಲ್ಲಿ ಶ್ರೀಗಂಧದ ಎಣ್ಣೆಯ ಕಾರ್ಖಾನೆ ಆರಂಭವಾಗಿತ್ತು. ಊದುಬತ್ತಿಗೆ ಬೇಕಾದ ಹಾಲ್ಮಡ್ಡಿಯಂತಹ ಅಂಟು, ಮರದ ತೊಗಟೆಯಿಂದ ತೆಗೆಯುವ ಜಿಗಟು ಪಶ್ಚಿಮ ಘಟ್ಟದ ಕಾಡುಗಳಲ್ಲಿ ದೊರೆಯುತ್ತಿದ್ದವು. ಬತ್ತಿ ಹೊಸೆಯಬಲ್ಲ ಕುಶಲ ಕೈಗಳು ನಗರದ ಬೀದಿಬೀದಿಗಳಲ್ಲಿದ್ದವು.

ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬುವ ಕಾಲ. ಮೈಸೂರು ಸಂಸ್ಥಾನದಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ಆಗಷ್ಟೇ ಅಧಿಕಾರಕ್ಕೆ ಬಂದಿತ್ತು. ರಾಜಕೀಯವಾಗಿ ಎಲ್ಲವೂ ಬದಲಾಗುತ್ತಿದ್ದ ಆ 1948ರಲ್ಲಿ ರಂಗರಾವ್ ಮೈಸೂರು ಪ್ರಾಡಕ್ಟ್ಸ್ ಅಂಡ್ ಜನರಲ್ ಟ್ರೇಡಿಂಗ್ ಕಂಪನಿಯನ್ನು ಆರಂಭಿಸಿದರು. ಹೆಸರು ದೊಡ್ಡದು, ಕಾರ್ಖಾನೆ ಮಾತ್ರ ಮನೆಯೇ.

ಅಂದಂದಿನ ಲೆಕ್ಕ

ಊದುಬತ್ತಿಯ ತಯಾರಿಕೆ ನೋಡಲು ಸರಳ. ಇದ್ದಿಲ ಪುಡಿ, ಜಿಗಟನ್ನು ನೀರಿನಲ್ಲಿ ಕಲಸಿ ಹಿಟ್ಟಿನ ಹದಕ್ಕೆ ತರಬೇಕು. ಅದನ್ನು ಬಿದಿರಿನ ಕಡ್ಡಿಗೆ ಮಣೆಯ ಮೇಲೆ ಒಂದೇ ಸಮನೆ ಹೊಸೆದು, ಒಣಗಿಸಿ, ಸುಗಂಧದಲ್ಲಿ ಅದ್ದಿ ಪೊಟ್ಟಣ ಕಟ್ಟಬೇಕು. ಮಸಾಲೆ ಬತ್ತಿಯಾದರೆ ಪರಿಮಳದ್ರವ್ಯವನ್ನು ಹಿಟ್ಟಿನಲ್ಲಿಯೇ ಬೆರೆಸಬೇಕು. ಯಂತ್ರ ಬೇಡ, ವಿದ್ಯುತ್ ಬೇಡ. ಆದರೆ ಸಣ್ಣ ತಯಾರಕನನ್ನು ಮುಳುಗಿಸುವ ಅಪಾಯಗಳು ಇಲ್ಲಿಯೇ ಅಡಗಿವೆ. ಹೆಚ್ಚು ಸರಕು ಕೊಂಡರೆ ಹಣ ಸಿಕ್ಕಿಬೀಳುತ್ತದೆ. ಮಳೆಗಾಲದಲ್ಲಿ ಬತ್ತಿ ಒಣಗುವುದಿಲ್ಲ. ಅಂಗಡಿಗೆ ಸಾಲಕ್ಕೆ ಕೊಟ್ಟ ಮಾಲಿನ ಬಾಕಿ ಬೇಗ ಕೈಸೇರುವುದಿಲ್ಲ.

ಬಂಡವಾಳವಿಲ್ಲದ ರಂಗರಾವ್ ಕಂಡುಕೊಂಡ ದಾರಿ, ದಿನದ ಲೆಕ್ಕವನ್ನು ಅಂದಂದೇ ಮುಗಿಸುವುದು. ಆ ದಿನಕ್ಕೆ ಬೇಕಾದಷ್ಟು ಕಚ್ಚಾ ಸಾಮಗ್ರಿಯನ್ನು ಮಾತ್ರ ಪೇಟೆಯಿಂದ ತರುವುದು, ಮನೆಯವರ ನೆರವಿನಿಂದ ಬತ್ತಿ ತಯಾರಿಸಿ ಮಾರುವುದು, ಬಂದ ಹಣದಲ್ಲಿ ಮತ್ತೆ ಮರುದಿನದ ಸಾಮಗ್ರಿ ಕೊಳ್ಳುವುದು. ಒಂದು ದಿನ ಮಾರಾಟ ನಿಂತರೆ ಮರುದಿನದ ಕೆಲಸವೂ ನಿಲ್ಲುವ ಪರಿಸ್ಥಿತಿ. ಹಾಗಾಗಿ ಕೊಂಡವರು ಮತ್ತೆ ಅದನ್ನೇ ಕೇಳಿಕೊಂಡು ಬರುವಂತೆ ಮಾಡುವುದು ಅವರ ಪಾಲಿಗೆ ಜಾಣ್ಮೆಯ ಮಾತಾಗಿರಲಿಲ್ಲ, ಅನಿವಾರ್ಯವಾಗಿತ್ತು.

ಒಂದೇ ಚಿತ್ರ, ಎಲ್ಲ ಭಾಷೆ

ಆ ದಿನಗಳಲ್ಲಿ ಊದುಬತ್ತಿಯನ್ನು ಹೆಸರು ಹೇಳಿ ಕೇಳುವ ರೂಢಿ ಅಷ್ಟಾಗಿ ಇರಲಿಲ್ಲ. ತಮ್ಮ ಮಾಲನ್ನು ಗಿರಾಕಿ ಗುರುತಿಸಬೇಕಾದರೆ ಅದಕ್ಕೊಂದು ಹೆಸರು ಬೇಕೆಂಬುದನ್ನು ರಂಗರಾವ್ ಬೇಗನೆ ಅರಿತರು. ಅವರು ಆರಿಸಿದ್ದು ದೇವರ ಹೆಸರನ್ನಲ್ಲ, ಹೂವಿನ ಹೆಸರನ್ನೂ ಅಲ್ಲ, ಸೈಕಲ್ಲನ್ನು. ಅದು ಶ್ರೀಸಾಮಾನ್ಯನ ವಾಹನ. ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲ ನುಡಿಗಳಲ್ಲೂ ಅದಕ್ಕೆ ಅದೇ ಹೆಸರು. ಅಕ್ಷರ ಬಾರದವರೂ ಚಿತ್ರ ನೋಡಿ ಪೊಟ್ಟಣವನ್ನು ಬೆರಳು ಮಾಡಿ ತೋರಿಸಬಲ್ಲರು. ಭಾಷೆಯ ಗಡಿಗಳನ್ನು ದಾಟಲು ಈ ಒಂದು ಚಿತ್ರ ಸಾಕಾಯಿತು.

ಆದರೆ ಹೆಸರಿಗಿಂತ ಕಠಿಣವಾದದ್ದು ಆ ಹೆಸರನ್ನು ಉಳಿಸಿಕೊಳ್ಳುವುದು. ಇಂದು ಕೊಂಡ ಬತ್ತಿಯ ಪರಿಮಳವೇ ಮುಂದಿನ ತಿಂಗಳ ಬತ್ತಿಯಲ್ಲೂ ಇರಬೇಕು. ಸುಗಂಧದ ಮಿಶ್ರಣದಲ್ಲಿ ಅಳತೆ ಸ್ವಲ್ಪ ತಪ್ಪಿದರೂ ಗಿರಾಕಿಯ ಮೂಗು ಅದನ್ನು ಪತ್ತೆ ಹಚ್ಚುತ್ತದೆ. ರಸಾಯನಶಾಸ್ತ್ರದ ಪದವಿ ಇಲ್ಲದಿದ್ದರೂ ರಂಗರಾವ್ ಓದಿ, ಬೆರೆಸಿ, ಕೆಡಿಸಿ, ಮತ್ತೆ ಬೆರೆಸಿ ಸುಗಂಧ ಸಂಯೋಜನೆಯನ್ನು ತಾವೇ ಕಲಿತರು. ಸಿದ್ಧ ಮಿಶ್ರಣವನ್ನು ಹೊರಗಿನಿಂದ ತರಿಸಿದ್ದರೆ ಕೆಲಸ ಸುಲಭವಾಗುತ್ತಿತ್ತು, ಆದರೆ ಅದೇ ಮಿಶ್ರಣ ಎದುರಾಳಿಗೂ ಸಿಗುತ್ತಿತ್ತು. ಪರಿಮಳವನ್ನು ಸ್ವತಃ ರೂಪಿಸುವ ಆ ಪದ್ಧತಿ ಅವರ ಮಕ್ಕಳು, ಮೊಮ್ಮಕ್ಕಳ ಕಾಲದಲ್ಲೂ ಮನೆತನದಲ್ಲಿಯೇ ಮುಂದುವರಿಯಿತು. ಒಂದೇ ಪೊಟ್ಟಣದಲ್ಲಿ ಮೂರು ಬಗೆಯ ಪರಿಮಳ ನೀಡಿದ ತ್ರೀ ಇನ್ ಒನ್ ಸೈಕಲ್ ಹೆಸರನ್ನು ಮನೆಮಾತಾಗಿಸಿತು.

ಹೊಸೆದ ಕೈಗಳು

ಈ ಏಳಿಗೆಯ ಕಥೆಯಲ್ಲಿ ಮರೆಯಬಾರದವರು ಬತ್ತಿ ಹೊಸೆದ ಮಹಿಳೆಯರು. ಮನೆಗೆಲಸ ಮುಗಿಸಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾವಿರ ಬತ್ತಿಗೆ ಇಷ್ಟೆಂಬ ಕೂಲಿಗೆ ದುಡಿದವರು ಅವರು. ಹೊರಗೆ ಹೋಗಿ ದುಡಿಯುವ ಅವಕಾಶವಿಲ್ಲದ ಅನೇಕ ಹೆಣ್ಣುಮಕ್ಕಳಿಗೆ ಕೈಗೆ ನಾಲ್ಕು ಕಾಸು ಸಿಕ್ಕಿದ್ದು ಈ ಕಸುಬಿನಿಂದಲೇ. ಇದ್ದಿಲ ಧೂಳು, ಬಗ್ಗಿದ ಬೆನ್ನು, ಕಡಿಮೆ ಕೂಲಿ ಇಡೀ ಉದ್ಯಮದ ಇನ್ನೊಂದು ಮುಖವೆಂಬುದೂ ನಿಜ. ಮುಂದೆ ಯಂತ್ರಗಳು ಬಂದು ಹೊಸೆಯುವ ಕೆಲಸದ ದೊಡ್ಡ ಪಾಲನ್ನು ವಹಿಸಿಕೊಂಡಾಗ ಶ್ರಮ ತಗ್ಗಿತು, ಜೊತೆಗೆ ಮನೆಗೆಲಸದ ಆ ಕೂಲಿಯೂ ಹಲವರ ಕೈತಪ್ಪಿತು.

ಬಿಟ್ಟುಹೋದ ಬಳುವಳಿ

ರಂಗರಾವ್ 1980ರಲ್ಲಿ ನಿಧನರಾದರು. ಮನೆಯಲ್ಲಿ ಆರಂಭವಾದ ವ್ಯಾಪಾರ ಆ ವೇಳೆಗೆ ಗಟ್ಟಿಯಾಗಿ ನೆಲೆಯೂರಿತ್ತು. ಎನ್. ರಂಗರಾವ್ ಅಂಡ್ ಸನ್ಸ್ ಎಂಬ ಹೆಸರಿನಲ್ಲಿ ಮುಂದಿನ ತಲೆಮಾರುಗಳು ಅದನ್ನು ವಿದೇಶಗಳಿಗೂ ಒಯ್ದವು. ಮೊಮ್ಮಕ್ಕಳ ಕಾಲಕ್ಕೆ ಸಮೂಹ ಎಲೆಕ್ಟ್ರಾನಿಕ್ಸ್, ವಿಮಾನಯಾನ ಬಿಡಿಭಾಗಗಳ ಕ್ಷೇತ್ರಕ್ಕೂ ಕಾಲಿಟ್ಟಿತು. ಕೇಂದ್ರ ಸ್ಥಾನ ಮಾತ್ರ ಮೈಸೂರೇ. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ, ಇಂತಹ ನೂರಾರು ಮನೆಗಳ ದುಡಿಮೆಗೆ ಕಾನೂನಿನ ಮುದ್ರೆ ಬಿದ್ದಂತಾಯಿತು.

ಅವರ ನೆನಪಿನಲ್ಲಿ 1988ರಲ್ಲಿ ಮೈಸೂರಿನಲ್ಲಿ ರಂಗರಾವ್ ಸ್ಮಾರಕ ಶಾಲೆ ಆರಂಭವಾಯಿತು. ಅಲ್ಲಿ ಓದಲು ಬಂದವರು ದೃಷ್ಟಿ ಸವಾಲುಳ್ಳ ಹೆಣ್ಣುಮಕ್ಕಳು. ತಿನಿಸು ಮಾರಿ ಶಾಲೆಯ ಖರ್ಚು ಹೊಂದಿಸಿಕೊಂಡ ವ್ಯಕ್ತಿಗೆ ಒಂದು ಶಾಲೆಗಿಂತ ತಕ್ಕ ಸ್ಮಾರಕ ಬೇರೆ ಇರಲಾರದು.

ಸ್ವಂತ ಉದ್ಯೋಗ ಹೂಡಬೇಕೆನ್ನುವವರು ಮೊದಲು ಹುಡುಕುವುದು ಬಂಡವಾಳವನ್ನು. ರಂಗರಾವ್ ಅವರ ಬದುಕು ಆ ಕೊರತೆಯನ್ನು ವೈಭವೀಕರಿಸುವುದಿಲ್ಲ. ಕೈಯಲ್ಲಿದ್ದ ಹಣಕ್ಕೆ ತಕ್ಕಷ್ಟು ಸಣ್ಣದಾಗಿ ಆರಂಭಿಸಿ, ಗುಣಮಟ್ಟವನ್ನು ಮಾತ್ರ ಸಣ್ಣದು ಮಾಡದಿದ್ದರೆ ಒಂದು ದಿನದ ಗಳಿಕೆ ಮರುದಿನವನ್ನು ಹೊತ್ತು ತರಬಲ್ಲದೆಂಬುದಕ್ಕೆ ಅದು ಸಾಕ್ಷಿಯಾಗಿ ನಿಲ್ಲುತ್ತದೆ.