ಲೆವ್ ವೈಗೋಟ್‌ಸ್ಕಿ

ಲೆವ್ ಸೆಮ್ಯೊನೊವಿಚ್ ವೈಗೋಟ್‌ಸ್ಕಿ (ನವೆಂಬರ್ 17, 1896 – ಜೂನ್ 11, 1934) ಸೋವಿಯತ್ ಒಕ್ಕೂಟದ ಮನೋವಿಜ್ಞಾನಿ. ಓದುವಾಗ ಅಥವಾ ಯೋಚಿಸುವಾಗ ಮನುಷ್ಯನು ಸದ್ದಿಲ್ಲದೆ ಮನಸ್ಸಿನಲ್ಲಿಯೇ ಆಡಿಕೊಳ್ಳುವ ಮಾತನ್ನು ಒಳಮಾತು ಅಥವಾ ಆಂತರಿಕ ಮಾತು ಎನ್ನಲಾಗುತ್ತದೆ. ಇತರರೊಡನೆ ಆಡುವ ಮಾತೇ ಬಾಲ್ಯದಲ್ಲಿ ಕ್ರಮೇಣ ಒಳಮುಖವಾಗಿ ಒಳಮಾತಾಗುತ್ತದೆ ಎಂಬ ಸಿದ್ಧಾಂತಕ್ಕಾಗಿ ವೈಗೋಟ್‌ಸ್ಕಿ ಪ್ರಸಿದ್ಧರಾಗಿದ್ದಾರೆ. ಮಾಸ್ಕೋದಲ್ಲಿ ಅವರು ಸಂಶೋಧನೆ ನಡೆಸಿದ್ದು ಸುಮಾರು ಹತ್ತು ವರ್ಷ ಮಾತ್ರ.

ಜನನ ಮತ್ತು ಶಿಕ್ಷಣ

ವೈಗೋಟ್‌ಸ್ಕಿ ಇಂದಿನ ಬೆಲಾರೂಸ್‌ನಲ್ಲಿರುವ ಓರ್ಶಾ ಪಟ್ಟಣದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಆಗ ಆ ಪ್ರದೇಶ ರಷ್ಯಾ ಸಾಮ್ರಾಜ್ಯದ ಭಾಗವಾಗಿತ್ತು. ಅವರ ಬಾಲ್ಯ ಕಳೆದದ್ದು ಗೋಮೆಲ್ ನಗರದಲ್ಲಿ. ತಂದೆ ಬ್ಯಾಂಕಿನಲ್ಲಿ ಉದ್ಯೋಗದಲ್ಲಿದ್ದರು. ಬಾಲಕ ಲೆವ್ ಮನೆಯಲ್ಲಿಯೇ ಖಾಸಗಿ ಶಿಕ್ಷಕರಿಂದ ಪಾಠ ಕಲಿತರು. ಅಂದಿನ ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಪ್ರವೇಶಕ್ಕೆ ಮಿತಿಯಿತ್ತು. 1913ರಲ್ಲಿ ಆ ಸೀಮಿತ ಸ್ಥಾನಗಳನ್ನು ಲಾಟರಿ ಎತ್ತಿ ಹಂಚಿದಾಗ ವೈಗೋಟ್‌ಸ್ಕಿಗೆ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಪ್ರವೇಶ ದೊರೆಯಿತು. ವೈದ್ಯಶಾಸ್ತ್ರಕ್ಕೆ ಸೇರಿದ ಅವರು ಬೇಗನೆ ಕಾನೂನು ವಿಭಾಗಕ್ಕೆ ಬದಲಾದರು. ಜೊತೆಯಲ್ಲಿಯೇ ಶಾನ್ಯಾವ್‌ಸ್ಕಿ ಜನತಾ ವಿಶ್ವವಿದ್ಯಾಲಯದಲ್ಲಿ ಅಧ್ಯಯನ ನಡೆಸಿದರು. 1917ರಲ್ಲಿ ಗೋಮೆಲ್‌ಗೆ ಮರಳಿ ಶಿಕ್ಷಕರಾದರು. ಅಲ್ಲಿನ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಒಂದು ಮನೋವಿಜ್ಞಾನ ಪ್ರಯೋಗಾಲಯವನ್ನೂ ತೆರೆದರು. 1920ರ ವೇಳೆಗೆ ಅವರಿಗೆ ಕ್ಷಯರೋಗ ತಗುಲಿತು.

ಮಾಸ್ಕೋದಲ್ಲಿ

1924ರ ಜನವರಿಯಲ್ಲಿ ನಡೆದ ಮನೋವಿಜ್ಞಾನ ಸಮ್ಮೇಳನವೊಂದರಲ್ಲಿ ವೈಗೋಟ್‌ಸ್ಕಿ ಮಂಡಿಸಿದ ಪ್ರಬಂಧವು ವಿದ್ವಾಂಸರ ಗಮನ ಸೆಳೆಯಿತು. ಅದರ ಫಲವಾಗಿ ಮಾಸ್ಕೋದ ಮನೋವಿಜ್ಞಾನ ಸಂಸ್ಥೆಯಿಂದ ಅವರಿಗೆ ಆಹ್ವಾನ ಬಂದಿತು. ಅಲ್ಲಿ ಅಲೆಕ್ಸಾಂಡರ್ ಲೂರಿಯಾ ಮತ್ತು ಅಲೆಕ್ಸಿ ಲಿಯೊಂಟಿಯೆವ್ ಅವರ ಸಹೋದ್ಯೋಗಿಗಳಾದರು. ಅದೇ ವರ್ಷ ರೋಜಾ ಸ್ಮೆಖೋವಾ ಅವರನ್ನು ವಿವಾಹವಾದರು. ದಂಪತಿಗೆ ಇಬ್ಬರು ಹೆಣ್ಣುಮಕ್ಕಳು. 1925ರಲ್ಲಿ ಕಿವುಡ ಮಕ್ಕಳ ಶಿಕ್ಷಣ ಕುರಿತ ಸಮ್ಮೇಳನಕ್ಕಾಗಿ ಲಂಡನ್‌ಗೆ ಹೋಗಿಬಂದರು. ಆ ವರ್ಷದ ಕೊನೆಯ ವೇಳೆಗೆ ಕ್ಷಯ ಉಲ್ಬಣಿಸಿ ಹಲವು ತಿಂಗಳು ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು.

ಒಳಮಾತಿನ ಸಿದ್ಧಾಂತ

ಒಳಮಾತಿನ ಬಗ್ಗೆ ಆಗ ಎರಡು ಪ್ರಮುಖ ಅಭಿಪ್ರಾಯಗಳಿದ್ದವು. ಆಲೋಚನೆಯೆಂದರೆ ಸದ್ದು ತಗ್ಗುತ್ತಾ ಪಿಸುಮಾತಾಗಿ, ಕೊನೆಗೆ ಮೌನವಾದ ಮಾತು ಎಂದು ಅಮೆರಿಕದ ಜಾನ್ ವಾಟ್ಸನ್ ಭಾವಿಸಿದ್ದರು. ಚಿಕ್ಕ ಮಕ್ಕಳು ಆಟವಾಡುತ್ತಾ ತಮ್ಮಷ್ಟಕ್ಕೆ ಆಡಿಕೊಳ್ಳುವ ಮಾತನ್ನು ಸ್ವಿಟ್ಜರ್ಲೆಂಡ್‌ನ ಜೀನ್ ಪಿಯಾಜೆ ಸ್ವಕೇಂದ್ರಿತ ಮಾತು ಎಂದು ಕರೆದರು. ಅದಕ್ಕೆ ವಿಶೇಷ ಪ್ರಯೋಜನವಿಲ್ಲ, ಮಗು ಇತರರೊಡನೆ ಬೆರೆಯುತ್ತಾ ಹೋದಂತೆ ಅದು ಅಳಿದುಹೋಗುತ್ತದೆ ಎಂಬುದು ಅವರ ನಿಲುವಾಗಿತ್ತು.

ವೈಗೋಟ್‌ಸ್ಕಿ ಇದನ್ನು ಪ್ರಯೋಗಗಳ ಮೂಲಕ ಪರೀಕ್ಷಿಸಿದರು. ಚಿತ್ರ ಬರೆಯುತ್ತಿದ್ದ ಮಗುವಿಗೆ ಬೇಕಾದ ಬಣ್ಣದ ಪೆನ್ಸಿಲ್ ಅಥವಾ ಕಾಗದ ಸಿಗದಂತೆ ಮಾಡಿದಾಗ, ಸ್ವಕೇಂದ್ರಿತ ಮಾತಿನ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅಂದರೆ ತೊಡಕು ಎದುರಾದಾಗ ಮಗು ಮಾತಿನ ನೆರವಿನಿಂದಲೇ ಉಪಾಯ ಹುಡುಕುತ್ತದೆ. ಮಾತು ಕೇಳಿಸದ ಅಥವಾ ಬೇರೆ ಭಾಷೆಯಾಡುವ ಮಕ್ಕಳ ನಡುವೆ ಕೂರಿಸಿದಾಗ ಈ ಮಾತು ಬಹುಮಟ್ಟಿಗೆ ನಿಂತುಹೋಯಿತು. ಆದ್ದರಿಂದ ಅದರ ಮೂಲ ಸಾಮಾಜಿಕ ಸಂಭಾಷಣೆಯಲ್ಲಿದೆ ಎಂದು ಅವರು ತೀರ್ಮಾನಿಸಿದರು. ವಯಸ್ಸಾದಂತೆ ಈ ಮಾತು ಕಡಿಮೆಯಾದರೂ, ಉಳಿದದ್ದು ಕೇಳುವವರಿಗೆ ಹೆಚ್ಚು ಹೆಚ್ಚು ಅಸ್ಪಷ್ಟವಾಗುತ್ತಿತ್ತು. ಅಳಿಯುತ್ತಿರುವ ಮಾತು ಹೀಗೆ ಹೊಸ ರೂಪ ಪಡೆಯುವುದಿಲ್ಲ. ಅದು ಅಳಿಯದೆ ಒಳಗಿಳಿದು ಆಲೋಚನೆಯ ಸಾಧನವಾಗುತ್ತದೆ ಎಂಬುದು ಅವರ ವಾದ.

ಒಳಮಾತು ಸದ್ದು ಕಳೆದುಕೊಂಡ ಹೊರಮಾತಷ್ಟೇ ಅಲ್ಲ, ಅದರ ರಚನೆಯೇ ಬೇರೆ ಎಂದೂ ಅವರು ತೋರಿಸಿದರು. ಟ್ರಾಮ್‌ಗಾಗಿ ಕಾಯುತ್ತಿರುವವರ ನಡುವೆ ಬಂತು ಎಂಬ ಒಂದೇ ಪದ ಸಾಕಾಗುತ್ತದೆ. ಏನು ಬಂತು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಒಳಮಾತಿನಲ್ಲಿ ಹೇಳುವವನೂ ಕೇಳುವವನೂ ಒಬ್ಬನೇ ಆದ್ದರಿಂದ ಕರ್ತೃಪದ ಬಿಟ್ಟುಹೋಗಿ ಆಖ್ಯಾತವಷ್ಟೇ ಉಳಿಯುತ್ತದೆ.

ಕೊನೆಯ ದಿನಗಳು

1934ರ ವೇಳೆಗೆ ವೈಗೋಟ್‌ಸ್ಕಿಯವರ ಆರೋಗ್ಯ ತೀವ್ರವಾಗಿ ಹದಗೆಟ್ಟಿತು. ತಮ್ಮ ಹಲವು ವರ್ಷಗಳ ಬರಹಗಳನ್ನು ಒಂದು ಗ್ರಂಥವಾಗಿ ಜೋಡಿಸುವ ಕೆಲಸವನ್ನು ಅವರು ಆ ಸ್ಥಿತಿಯಲ್ಲಿಯೇ ಮುಂದುವರಿಸಿದರು. ಒಳಮಾತಿನ ಸ್ವರೂಪವನ್ನು ವಿವರಿಸುವ ಕೊನೆಯ ಅಧ್ಯಾಯ ಸಿದ್ಧವಾದದ್ದು ಈ ತಿಂಗಳುಗಳಲ್ಲಿ. ಜೂನ್ 11ರಂದು, 37ನೆಯ ವಯಸ್ಸಿನಲ್ಲಿ, ಅವರು ಮಾಸ್ಕೋದಲ್ಲಿ ನಿಧನರಾದರು. ಆಲೋಚನೆ ಮತ್ತು ಮಾತು ಎಂಬ ಅರ್ಥದ ಶೀರ್ಷಿಕೆಯುಳ್ಳ ಆ ಗ್ರಂಥ ಅದೇ ವರ್ಷ, ಅವರ ಮರಣಾನಂತರ ಪ್ರಕಟವಾಯಿತು.

ಪ್ರಭಾವ

1936ರಲ್ಲಿ ಸೋವಿಯತ್ ಕಮ್ಯುನಿಸ್ಟ್ ಪಕ್ಷವು ಮಕ್ಕಳ ಬೆಳವಣಿಗೆಯನ್ನು ಕುರಿತ ಪೀಡಾಲಜಿ ಎಂಬ ಅಧ್ಯಯನ ಶಾಖೆಯನ್ನು ಖಂಡಿಸಿ ನಿರ್ಣಯ ಹೊರಡಿಸಿತು. ಆ ಶಾಖೆಯೊಡನೆ ಸಂಬಂಧವಿದ್ದ ವೈಗೋಟ್‌ಸ್ಕಿಯವರ ಕೃತಿಗಳು 1956ರವರೆಗೆ ಮರುಮುದ್ರಣಗೊಳ್ಳಲಿಲ್ಲ. 1962ರಲ್ಲಿ ಗ್ರಂಥದ ಸಂಕ್ಷಿಪ್ತ ಇಂಗ್ಲಿಷ್ ಅನುವಾದ ಹೊರಬಂದಿತು. ಅದರೊಂದಿಗೆ ಪ್ರತಿಕ್ರಿಯೆ ಬರೆದ ಪಿಯಾಜೆ, ಸ್ವಕೇಂದ್ರಿತ ಮಾತು ಒಳಮಾತಿನ ಆರಂಭಬಿಂದು ಎಂಬುದನ್ನು ಒಪ್ಪಿಕೊಂಡರು. ಮಾಸ್ಕೋದ ಎ. ಎನ್. ಸೊಕೊಲೊವ್, ಮೌನವಾಗಿ ಓದುವಾಗ ಮತ್ತು ಲೆಕ್ಕ ಬಿಡಿಸುವಾಗ ನಾಲಿಗೆ ಹಾಗೂ ತುಟಿಯ ಸ್ನಾಯುಗಳಲ್ಲಿ ಕಾಣುವ ಸೂಕ್ಷ್ಮ ಚಟುವಟಿಕೆಯನ್ನು ಉಪಕರಣಗಳಿಂದ ದಾಖಲಿಸಿ, ವಿಷಯ ಕಠಿಣವಾದಂತೆ ಅದು ಹೆಚ್ಚುವುದನ್ನು ಗುರುತಿಸಿದರು. ಭಾರತದಲ್ಲಿ ಕೇಂದ್ರೀಯ ಶಿಕ್ಷಕರ ಅರ್ಹತಾ ಪರೀಕ್ಷೆಯ ಪಠ್ಯಕ್ರಮವು ಪಿಯಾಜೆ ಮತ್ತು ವೈಗೋಟ್‌ಸ್ಕಿ ಇಬ್ಬರ ಸಿದ್ಧಾಂತಗಳನ್ನೂ ಒಳಗೊಂಡಿದೆ.