ಬಿಟ್ ಹಿಡಿದಿಟ್ಟ ವಿಲಿಯಮ್ಸ್

ಇಸಿ ಬ್ರಾಂಚಲ್ಲಿ ಎಲೆಕ್ಟಿವ್ ಆರಿಸೋ ಹೊತ್ತು ಬಂತು ಅಂದ್ರೆ ಒಂದು ವಾದ ಗ್ಯಾರಂಟಿ. ಮೆಮೊರಿ ಚಿಪ್ ಡಿಸೈನ್‌ಗೆ ಹೋಗೋರು ಅನಲಾಗ್ ತಗೋಬೇಕಾ, ಡಿಜಿಟಲ್ಲಾ? ಒಳಗಿರೋದು ಸೊನ್ನೆ ಮತ್ತು ಒಂದು ತಾನೆ, ಡಿಜಿಟಲ್ ಸಾಕು ಅಂತ ಬಹಳ ಮಂದಿ ಮಾತು ಮುಗಿಸಿಬಿಡ್ತಾರೆ. ಅಂಥವರು ಸರ್ ಫ್ರೆಡ್ರಿಕ್ ವಿಲಿಯಮ್ಸ್ ಅವರ ಜೀವನವನ್ನು ಒಮ್ಮೆ ನೋಡಬೇಕು.

ವಿಲಿಯಮ್ಸ್ ಹುಟ್ಟಿದ್ದು 1911ರ ಜೂನ್ 26ರಂದು, ಇಂಗ್ಲೆಂಡಿನ ರೊಮಿಲಿಯಲ್ಲಿ. ಮ್ಯಾಂಚೆಸ್ಟರ್‌ನಲ್ಲಿ ಇಂಜಿನಿಯರಿಂಗ್, ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್. ಎರಡನೇ ಮಹಾಯುದ್ಧ ಪೂರ್ತಿ ರಾಡಾರ್ ಕೆಲಸ. ಆಂಪ್ಲಿಫೈಯರ್, ಪಲ್ಸ್ ಸರ್ಕ್ಯೂಟ್ ಇವೇ ಅವರ ಲೋಕ. ಅಪ್ಪಟ ಅನಲಾಗ್ ಮನುಷ್ಯ ಅನ್ನಿ.

1946ರಲ್ಲಿ ಅಮೆರಿಕಕ್ಕೆ ಹೋದಾಗ ರಾಡಾರ್ ಪ್ರತಿಧ್ವನಿಗಳನ್ನು ಸಿಆರ್‌ಟಿ ಪರದೆ ಮೇಲೆ ಉಳಿಸಿಕೊಳ್ಳೋ ಪ್ರಯತ್ನ ಕಂಡರು. ಊರಿಗೆ ಬಂದು ತಾವೂ ಕೈ ಹಾಕಿದರು. ಎಲೆಕ್ಟ್ರಾನ್ ಕಿರಣ ಪರದೆಗೆ ಬಡಿದ ಜಾಗದಲ್ಲಿ ಸ್ವಲ್ಪ ಚಾರ್ಜ್ ನಿಲ್ಲುತ್ತೆ. ಗಾಜಿನ ಹೊರಗೆ ಇಟ್ಟ ಲೋಹದ ತಟ್ಟೆಗೆ ಅದರ ಸುಳಿವು ಸಿಗುತ್ತೆ. ತೊಂದರೆ ಏನು ಅಂದ್ರೆ, ಸೆಕೆಂಡಿನ ಒಂದು ಸಣ್ಣ ಭಾಗದಲ್ಲೇ ಆ ಚಾರ್ಜ್ ಸೋರಿಹೋಗುತ್ತೆ. ಹೆಚ್ಚು ಹೊತ್ತು ಉಳಿಯೋ ವಸ್ತು ಹುಡುಕುತ್ತಾ ಅವರು ಕೂರಲಿಲ್ಲ. ಆರುವ ಮುಂಚೆ ಓದು, ದೊಡ್ಡದು ಮಾಡು, ಅದೇ ಜಾಗದಲ್ಲಿ ಮತ್ತೆ ಬರೆ, ಇಷ್ಟೇ ಉಪಾಯ. ಆ ವರ್ಷದ ಕೊನೆಗೆ ಒಂದೇ ಒಂದು ಬಿಟ್ ನಿಂತಿತು!

ಅಷ್ಟರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿತ್ತು. ಜೊತೆಗೆ ಟಾಮ್ ಕಿಲ್‌ಬರ್ನ್ ಬಂದರು. 1947ರ ಕೊನೆಗೆ ಒಂದು ಟ್ಯೂಬಿನಲ್ಲಿ 2048 ಬಿಟ್. ಇದನ್ನು ನಿಜವಾಗಿ ಪರೀಕ್ಷಿಸೋಕೆ ಅಂತಲೇ ಜೆಫ್ ಟೂಟಿಲ್ ಜೊತೆ ಸೇರಿ ಬೇಬಿ ಅನ್ನೋ ಕಂಪ್ಯೂಟರ್ ಕಟ್ಟಿದರು. ಮೆಮೊರಿ 32 ಸಾಲು, ಸಾಲಿಗೆ 32 ಬಿಟ್. 1948ರ ಜೂನ್ 21ರಂದು ತನ್ನದೇ ಮೆಮೊರಿಯಲ್ಲಿದ್ದ 17 ಸೂಚನೆಗಳ ಪ್ರೋಗ್ರಾಮನ್ನು ಅದು 52 ನಿಮಿಷ ಓಡಿಸಿ ಸರಿಯುತ್ತರ ಕೊಟ್ಟಿತು. ಮೆಮೊರಿ ಟೆಸ್ಟ್ ಮಾಡೋಕೆ ಕಂಪ್ಯೂಟರ್! ಇದೊಂದು ನನಗೆ ತುಂಬಾ ಇಷ್ಟ.

ಇವತ್ತಿನ ಡಿರ‍್ಯಾಮ್ ಚಿಪ್ಪಲ್ಲಿ ಟ್ಯೂಬ್ ಇಲ್ಲ, ಕೆಪಾಸಿಟರ್ ಇದೆ. ಸೋರಿಕೆ ಮಾತ್ರ ಹಾಗೇ ಇದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಎಲ್ಲಾ ಸಾಲುಗಳನ್ನೂ ರಿಫ್ರೆಶ್ ಮಾಡ್ಲೇಬೇಕು. ಓದೋದು ಹೇಗೆ ಅಂದ್ರೆ, ನಮ್ಮ ಹಡಗಲಿ ಕಡೆ ಮೈಲಾರದ ಕಾರ್ಣಿಕ ನೋಡಿದವರಿಗೆ ಬೇಗ ತಿಳಿಯುತ್ತೆ. ಲಕ್ಷಾಂತರ ಜನರ ಗದ್ದಲ. ಬಿಲ್ಲೇರಿದ ಗೊರವಯ್ಯ ಸದ್ದಡಗಿಸುತ್ತಾರೆ, ಇಡೀ ಮೈದಾನ ತಣ್ಣಗಾಗುತ್ತೆ, ಒಂದೇ ಒಂದು ಸಾಲಿನ ನುಡಿ. ಆಮೇಲೆ ಅದು ಬಾಯಿಂದ ಬಾಯಿಗೆ ಊರೂರಿಗೆ ಹೋಗುತ್ತೆ. ಚಿಪ್ಪಲ್ಲೂ ಮೊದಲು ಬಿಟ್‌ಲೈನನ್ನು ಅರ್ಧ ವೋಲ್ಟೇಜಿಗೆ ತಂದು ತಣ್ಣಗಿಡ್ತಾರೆ, ಆಮೇಲೆ ಸೆಲ್ ತೆರೀತಾರೆ. ಬರೋ ವ್ಯತ್ಯಾಸ ಬರೀ ಮಿಲಿವೋಲ್ಟುಗಳ ಲೆಕ್ಕ. ಸೆನ್ಸ್ ಆಂಪ್ಲಿಫೈಯರ್ ಅದನ್ನು ಹಿಡಿದು ಪೂರಾ ಸೊನ್ನೆಗೋ ಒಂದಕ್ಕೋ ಎಳೆದು, ವಾಪಸ್ ಸೆಲ್ಲಿಗೂ ಬರೆಯುತ್ತೆ. ಅಡ್ರೆಸ್ ಡಿಕೋಡರ್, ಕಂಟ್ರೋಲ್ ಲಾಜಿಕ್ ಡಿಜಿಟಲ್ಲೇ, ಒಪ್ಪೋಣ. ಆದ್ರೆ ಆ ಸೆಲ್ ಮತ್ತು ಆಂಪ್ಲಿಫೈಯರ್ ಹತ್ತಿರ ಕೂತವರಿಗೆ ನಾಯ್ಸ್, ಮಿಸ್‌ಮ್ಯಾಚ್, ಲೀಕೇಜ್ ಬಿಟ್ಟು ಬೇರೆ ಮಾತಿಲ್ಲ.

ವಿಲಿಯಮ್ಸ್ ಟ್ಯೂಬ್ 1951ರ ಫೆರಾಂಟಿ ಮಾರ್ಕ್ 1ರಲ್ಲೂ ಐಬಿಎಂ 701ರಲ್ಲೂ ಕೆಲಸ ಮಾಡಿತು. ಆಮೇಲೆ ಮ್ಯಾಗ್ನೆಟಿಕ್ ಕೋರ್ ಬಂದು ಅದನ್ನು ಬದಿಗೆ ಸರಿಸಿತು. ಅಷ್ಟೊತ್ತಿಗೆ ವಿಲಿಯಮ್ಸ್ ಕಂಪ್ಯೂಟರನ್ನು ಕಿಲ್‌ಬರ್ನ್ ಕೈಗೆ ಬಿಟ್ಟು ಇಂಡಕ್ಷನ್ ಮೋಟರ್ ಕಡೆ ಹೊರಟುಹೋಗಿದ್ದರು. 1976ರಲ್ಲಿ ಸರ್ ಪದವಿ ಸಿಕ್ಕಿತು. ಮರುವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು.