ಬಾಲಗಣಿತದ ಗುರು ಪೆಸ್ಟಲಾಜಿ

ಎಳೆಯ ಮಕ್ಕಳಿಗೆ ಕೂಡುವ ಲೆಕ್ಕವನ್ನು ಕಲಿಸುವುದು ಸುಲಭಸಾಧ್ಯವೆಂದು ಭಾವಿಸುವವರೇ ಹೆಚ್ಚು. ಎರಡೂ ಮೂರೂ ಸೇರಿದರೆ ಐದೆಂದು ಬಾಯಿಪಾಠ ಮಾಡಿಸಿದರೆ ಕಲಿಸಿದಂತಾಯಿತೆಂದು ಯೂರೋಪಿನ ಶಾಲೆಗಳು ನಂಬಿದ್ದ ಕಾಲದಲ್ಲಿ, ಐದೆಂಬುದು ಮಗುವಿನ ನಾಲಗೆಯ ಮೇಲಿದ್ದರೆ ಸಾಲದು, ಅದರ ಕಣ್ಣಿಗೂ ಕೈಗೂ ದಕ್ಕಬೇಕೆಂದು ಮನಗಂಡು, ಆ ತತ್ತ್ವಕ್ಕಾಗಿ ಬಾಳನ್ನು ಸವೆಸಿದ ಮಹನೀಯನು ಸ್ವಿಟ್ಜರ್ಲೆಂಡಿನ ಯೋಹಾನ್ ಹೈನ್ರಿಖ್ ಪೆಸ್ಟಲಾಜಿ.

1746ರ ಜನವರಿ 12ರಂದು ಜ್ಯೂರಿಕ್ ನಗರದಲ್ಲಿ ಈತನ ಜನನವಾಯಿತು. ಶಸ್ತ್ರವೈದ್ಯನಾಗಿದ್ದ ತಂದೆಯು 1751ರಲ್ಲಿ ಅಕಾಲಮರಣಕ್ಕೀಡಾದನು. ತಾಯಿಯೂ ನಿಷ್ಠಾವಂತಳಾದ ಮನೆಗೆಲಸದಾಕೆಯೂ ಮಿತವ್ಯಯದಿಂದ ಬಾಲಕನನ್ನು ಪೋಷಿಸಿದರು. ಗೃಹವೇ ಮೊದಲ ಪಾಠಶಾಲೆಯೆಂಬ ಅವನ ಶ್ರದ್ಧೆಗೆ ಈ ಬಾಲ್ಯವೇ ಬೀಜವಾಯಿತು.

1769ರಲ್ಲಿ ಅನ್ನಾ ಎಂಬಾಕೆಯ ಕೈಹಿಡಿದು, ಬಿರ್ ಗ್ರಾಮದ ಬಳಿ ನಾಯ್‌ಹೋಫ್ ಎಂಬಲ್ಲಿ ವ್ಯವಸಾಯಕ್ಕೆ ತೊಡಗಿದನು. ಬೇಸಾಯ ಕೈಹತ್ತಲಿಲ್ಲ. ಆದರೂ 1774ರಿಂದ ಬಡಮಕ್ಕಳನ್ನು ಅಲ್ಲಿಗೇ ಕರೆತಂದು, ಅವರ ಕೈ ನೂಲುತ್ತಿರುವಾಗಲೇ ಓದನ್ನೂ ಲೆಕ್ಕವನ್ನೂ ಕಲಿಸಲಾರಂಭಿಸಿದನು. ಸಾಲ ಬೆಳೆದು 1780ರಲ್ಲಿ ಆ ಆಶ್ರಯಧಾಮ ಮುಚ್ಚಿತು. ಮಕ್ಕಳಿಗೆ ಲೆಕ್ಕದ ಹಾದಿ ತೋರಿದವನಿಗೆ ತನ್ನ ಮನೆಯ ಆಯವ್ಯಯವನ್ನು ಸರಿದೂಗಿಸುವುದು ಕೊನೆಗೂ ಸಾಧ್ಯವಾಗಲಿಲ್ಲ. ಆದರೆ ಅಲ್ಲಿ ಕಂಡ ಸತ್ಯ ಸಾಲದೊಡನೆ ಮುಳುಗಿಹೋಗಲಿಲ್ಲ.

1781ರಿಂದ 1787ರವರೆಗೆ ನಾಲ್ಕು ಭಾಗಗಳಲ್ಲಿ ಪ್ರಕಟವಾದ 'ಲೀನ್‌ಹಾರ್ಡ್ ಮತ್ತು ಗೆರ್ಟ್ರೂಡ್' ಕಾದಂಬರಿಯಲ್ಲಿ ಆ ಸತ್ಯವೇ ಕಥಾರೂಪ ತಾಳಿತು. ಅದರ ನಾಯಕಿಯಾದ ಬಡತಾಯಿ, ಕೋಣೆಯ ಒಂದು ಕೊನೆಯಿಂದ ಇನ್ನೊಂದು ಕೊನೆಗಿರುವ ಹೆಜ್ಜೆಗಳನ್ನೂ ನೂಲಿನ ಎಳೆಗಳನ್ನೂ ಮಕ್ಕಳಿಂದ ಎಣಿಸುತ್ತಾಳೆ. ಸಾಲಿಗೆ ಐದರಂತೆ ಎರಡು ಸಾಲುಗಳಲ್ಲಿರುವ ಕಿಟಕಿಯ ಗಾಜುಗಳೇ ಅವರಿಗೆ ದಶಮಾನದ ಪಾಠ. ಇದರಲ್ಲಿ ಆಳವಾದ ಯುಕ್ತಿಯಿದೆ. ಐದು ಐದು ಸೇರಿ ಹತ್ತಾಗುವುದನ್ನು ಕಣ್ಣಾರೆ ಕಂಡ ಮಗು, ಎಂಟಕ್ಕೆ ಐದನ್ನು ಕೂಡುವಾಗ ಒಂದರಿಂದ ಎಣಿಸಬೇಕಾಗಿಲ್ಲ. ಐದರಲ್ಲಿ ಎರಡನ್ನು ತೆಗೆದು ಎಂಟನ್ನು ಹತ್ತಾಗಿಸಿ, ಉಳಿದ ಮೂರನ್ನು ಸೇರಿಸಿ ಹದಿಮೂರೆಂದು ತಾನೇ ಕಾಣಬಲ್ಲದು.

1798ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ಸೇನೆಯು ನಿಡ್‌ವಾಲ್ಡೆನ್ ಪ್ರಾಂತವನ್ನು ಧ್ವಂಸಗೊಳಿಸಿದಾಗ ಅನೇಕ ಮಕ್ಕಳು ತಬ್ಬಲಿಗಳಾದರು. 1799ರ ಜನವರಿಯಲ್ಲಿ ಸ್ಟಾನ್ಸ್ ಎಂಬಲ್ಲಿ ತೆರೆದ ಅನಾಥಾಲಯದ ಹೊಣೆ ಐವತ್ಮೂರರ ಪೆಸ್ಟಲಾಜಿಗೆ ಬಂದಿತು. ಸುಮಾರು 80 ಮಕ್ಕಳಿಗೆ ಅವನೇ ತಾಯಿ, ತಂದೆ, ಉಪಾಧ್ಯಾಯ. ಐದು ತಿಂಗಳು ಕಳೆಯುವಷ್ಟರಲ್ಲಿ ಸೇನೆಯ ಆಸ್ಪತ್ರೆಗಾಗಿ ಆ ಕಟ್ಟಡವನ್ನು ತೆರವುಗೊಳಿಸಬೇಕಾಯಿತು. ಬಳಲಿ ರೋಗಿಯಾದ ಅವನು ಚೇತರಿಸಿಕೊಂಡು ಬುರ್ಗ್‌ಡಾರ್ಫ್ ಪಟ್ಟಣಕ್ಕೆ ಹೋದನು.

ಅಲ್ಲಿನ ಅನುಭವದ ಸಾರವೇ 1801ರ 'ಗೆರ್ಟ್ರೂಡ್ ತನ್ನ ಮಕ್ಕಳಿಗೆ ಹೇಗೆ ಕಲಿಸುತ್ತಾಳೆ' ಎಂಬ ಗ್ರಂಥ. ಸಂಖ್ಯೆ, ಆಕೃತಿ, ಭಾಷೆ ಇವು ಮೂರೂ ಬೋಧನೆಯ ಮೂಲಾಂಗಗಳೆಂದು ಅವನು ಅದರಲ್ಲಿ ಪ್ರತಿಪಾದಿಸಿದನು. ಮೊದಲು ಬೆರಳು, ಬಟಾಣಿ, ಹರಳು, ಬಳಿಕ ಗೆರೆ, ಎಲ್ಲಕ್ಕೂ ಕಡೆಗೆ ಅಂಕಿ. ಇದು ಅವನ ಕ್ರಮ. ಹತ್ತು ಸಾಲು, ಸಾಲಿಗೆ ಹತ್ತು ಮನೆಗಳಿರುವ ಏಕಮಾನದ ಪಟ್ಟಿಯೊಂದನ್ನು ರಚಿಸಿ, ಮೊದಲ ಸಾಲಿನ ಮನೆಮನೆಯಲ್ಲೂ ಒಂದು ಗೆರೆ, ಎರಡನೆಯದರಲ್ಲಿ ಎರಡೆರಡು, ಹೀಗೆ ಹತ್ತರವರೆಗೆ ಗೆರೆಗಳನ್ನು ಎಳೆಸಿದನು. ಎಂತಹ ದೊಡ್ಡ ಸಂಖ್ಯೆಯೂ ಒಂದಕ್ಕೆ ಒಂದು ಸೇರಿ ಆದದ್ದೆಂಬುದು ಅದರಿಂದ ಮಗುವಿಗೆ ವೇದ್ಯವಾಗುತ್ತಿತ್ತು.

1805ರಿಂದ 1825ರವರೆಗೆ ಇವರ್ಡನ್ ಪಟ್ಟಣದ ಕೋಟೆಯಲ್ಲಿ ನಡೆದ ಅವನ ವಿದ್ಯಾಲಯಕ್ಕೆ ದೂರದೇಶಗಳ ಜಿಜ್ಞಾಸುಗಳು ಬಂದರು. ಮುಂದೆ ಶಿಶುವಿಹಾರದ ಜನಕನೆನಿಸಿದ ಫ್ರೋಬೆಲ್ 1808ರಿಂದ 1810ರವರೆಗೆ ಅಲ್ಲಿದ್ದನು. ಆದರೆ ಕೀರ್ತಿಯೊಡನೆ ದೋಷವೂ ಬೆಳೆಯಿತು. ಬಾಯಿಪಾಠವನ್ನು ಹೋಗಲಾಡಿಸಲು ಹುಟ್ಟಿದ ಪಟ್ಟಿಗಳನ್ನೇ ಮಕ್ಕಳು ಬಾಯಿಪಾಠವಾಗಿ ಒಪ್ಪಿಸುವಂತಾಯಿತು. ಸರ್ಕಾರದ ತನಿಖಾಮಂಡಲಿಯು 1810ರಲ್ಲಿ ಪ್ರಕಟಿಸಿದ ವರದಿಯೂ ಅನುಕೂಲವಾಗಿರಲಿಲ್ಲ. ಸಹೋಪಾಧ್ಯಾಯರ ಅಂತಃಕಲಹದಿಂದ ವಿದ್ಯಾಲಯ ಕ್ಷೀಣಿಸಿ ಮುಚ್ಚಿಹೋಯಿತು. ವೃದ್ಧ ಗುರುವು ನಾಯ್‌ಹೋಫ್‌ಗೆ ಮರಳಿ, 1827ರ ಫೆಬ್ರವರಿ 17ರಂದು ಬ್ರುಗ್ ಎಂಬಲ್ಲಿ ದೇಹತ್ಯಾಗ ಮಾಡಿದನು.

ಸ್ಥಾಪಿಸಿದ ಸಂಸ್ಥೆಗಳು ಅಳಿದವು, ತತ್ತ್ವ ಅಳಿಯಲಿಲ್ಲ. 1821ರಲ್ಲೇ ಅಮೆರಿಕದ ವಾರೆನ್ ಕೋಲ್ಬರ್ನ್ ಅವನ ಮಾರ್ಗವನ್ನನುಸರಿಸಿ ಬಾಲಗಣಿತದ ಪುಸ್ತಕವನ್ನು ಬರೆದಿದ್ದನು. ಅದು ಆ ದೇಶದ ಶಾಲೆಗಳಲ್ಲಿ ಬಹುಕಾಲ ಪಾಠವಾಯಿತು. ಪಟ್ಟಿ ಎಷ್ಟೇ ಉತ್ತಮವಾಗಿದ್ದರೂ ಕಲಿಸುವವರ ಕಣ್ಣು ಮಗುವಿನ ಮೇಲಿಲ್ಲದಿದ್ದರೆ ಅದು ಜಡವಾಗುವುದೆಂಬುದು ಇವರ್ಡನ್ನಿನ ಪಾಠ. ಕೈಯಲ್ಲಿ ಏನೂ ಇಲ್ಲದಿದ್ದರೂ ಹರಳು, ಬಟಾಣಿಗಳಿಂದಲೇ ಗಣಿತದ ಬಾಗಿಲನ್ನು ತೆರೆಯಬಹುದೆಂಬುದು ಗೆರ್ಟ್ರೂಡಳ ಪಾಠ. ಈ ಎರಡನ್ನೂ ಲೋಕಕ್ಕೆ ಬಿಟ್ಟುಹೋದ ಆ ಗುರುವಿನ ದೇಹ, ಬಿರ್ ಗ್ರಾಮದ ಶಾಲೆಯ ಗೋಡೆಯ ಮಗ್ಗುಲಲ್ಲಿ ವಿಶ್ರಮಿಸಿದೆ.